ಟೇಲರ್‌ನ ಮೀಸೆ, ನನ್ನ ಖೂನಿಗಳು

ನಾನು ಮಾಡಿದ ಖೂನಿಗಳನ್ನು ಎಣಿಸುವುದನ್ನು ನೂರು ದಾಟಿದ ಮೇಲೆ ಬಿಟ್ಟುಬಿಟ್ಟೆ. ವಿಷ ಹಾಕಿ ಕೊಂದಿದ್ದೇನೆ, ಬಾವಿಗೆ ನೂಕಿ ಕೊಂದಿದ್ದೇನೆ, ಒಮ್ಮೆ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಒಬ್ಬ ಸಾಹುಕಾರನನ್ನು ಕೂಡಿ ಹಾಕಿ ಸೆಟೆಸಿ ಕೊಂದಿದ್ದೇನೆ. ಇಷ್ಟೆಲ್ಲ ಮಾಡಿದವಳು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೂವತ್ತು ವರ್ಷ ಹೊಲದ ಸೂಪರ್‌ವೈಸರ್ ಆಗಿದ್ದ, ಇಬ್ಬರು ಮಕ್ಕಳ ತಾಯಿ, ನೋಡಲು ಬಹಳ ಸಾಧು ಹೆಂಗಸು. ಸಾಧು ಎಂಬುದು ನೋಡುವುದಕ್ಕೆ ಮಾತ್ರ. ನನ್ನ ಸಿಟ್ಟು ಎಂಥದೆಂದು ನಮ್ಮ ಮನೆಯವರನ್ನು ಕೇಳಬೇಕು.

ಪತ್ತೇದಾರಿ ಕಾದಂಬರಿಗಳಿಗೆ ನನ್ನದೊಂದು ಗಂಡು ಹೆಸರು. ಸಂಸಾರದ ಕಾದಂಬರಿಗಳಿಗೆ ಒಂದು ಹೆಣ್ಣು ಹೆಸರು. ದೆವ್ವದ ಕಾದಂಬರಿಗಳಿಗೆ ಇನ್ನೊಂದು, ಅದು ಗಂಡೋ ಹೆಣ್ಣೋ ದೆವ್ವವೋ ತಿಳಿಯದಂಥ ಹೆಸರು. ಆ ಮೂರನ್ನೂ ಇಲ್ಲಿ ಬರೆಯುವುದಿಲ್ಲ. ಓದಿದವರಿಗೆ ತಾನೇ ಗೊತ್ತಾಗುತ್ತದೆ, ಓದದವರಿಗೆ ಹೇಳಿ ಏನು ಉಪಯೋಗ? ಬೇರೆ ಯಾರ ಹೆಸರೂ ಇದರಲ್ಲಿ ಬರುವುದಿಲ್ಲ. ಹೆಸರಿನ ಜಗಳದಲ್ಲಿ ನಾನು ಒಮ್ಮೆ ಸಾಕಷ್ಟು ಬೆವರು ಸುರಿಸಿದ್ದೇನೆ, ಆ ಜಗಳದ ಕಥೆಯೇ ಇದು.

ನನ್ನ ತವರು ಮೋಟೆಬೆನ್ನೂರು. ನಾನು ಸಣ್ಣವಳಿದ್ದಾಗ ಅಲ್ಲಿನ ಮುದುಕರು ಕಟ್ಟೆಯ ಮೇಲೆ ಕೂತು ಸ್ವಾತಂತ್ರ್ಯ ಚಳವಳಿಯ ಕಾಲದ ಕಥೆ ಹೇಳುತ್ತಿದ್ದರು. ಪೊಲೀಸರು ಬೆನ್ನಟ್ಟಿದ ಕಥೆಯನ್ನು ಒಬ್ಬ ಅಜ್ಜ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದ. ಮೊದಲ ವರ್ಷ ಬೆನ್ನಟ್ಟಿದವರು ಇಬ್ಬರು, ನಾನು ದೊಡ್ಡವಳಾಗುವಷ್ಟರಲ್ಲಿ ಒಂದು ವ್ಯಾನು ತುಂಬ. ಯಾರಾದರೂ ಎದುರು ಮಾತಾಡಿದರೆ ಅಜ್ಜ ಕಥೆ ನಿಲ್ಲಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ, ಮತ್ತೆ ನಾವೇ ಕಾಲು ಹಿಡಿದು ಮುಂದುವರಿಸು ಅನ್ನಬೇಕಿತ್ತು. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾನು ಕಲಿತದ್ದು ಆ ಅಜ್ಜನ ಎಲೆಅಡಿಕೆಯಿಂದ. ಸುಳ್ಳೇಕೆ ಹೇಳಲಿ, ಬೇರೆ ಯಾವ ಗುರುವೂ ನನಗಿಲ್ಲ.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದೆ. ನಮ್ಮ ಮನೆಯವರು ಸರ್ಕಾರಿ ಬಸ್ಸಿನ ಕಂಡಕ್ಟರು, ರಾಣೆಬೆನ್ನೂರು-ಹಾವೇರಿ ರೂಟು. ನನಗೆ ಬೀಜದ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಹಲಗೇರಿಯ ಹೊಲಗಳಲ್ಲಿ ಕ್ರಾಸಿಂಗ್ ನೋಡಿಕೊಳ್ಳುವುದು. ಕ್ರಾಸಿಂಗ್ ಎಂದರೆ ಹೂವಿಗೆ ಕೈಯಿಂದ ಮದುವೆ ಮಾಡಿಸುವ ಕೆಲಸ. ಮಧ್ಯಾಹ್ನ ಮೂರರ ಮೇಲೆ, ನಾಳೆ ಅರಳುವ ಮೊಗ್ಗುಗಳನ್ನು ಹುಡುಕಿ, ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಕೇಸರಗಳನ್ನು ಕಿತ್ತು, ಬಣ್ಣದ ದಾರ ಕಟ್ಟಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಗಂಡು ಹೂವಿನ ಪರಾಗ ತಂದು ಅದಕ್ಕೆ ಮುಟ್ಟಿಸಬೇಕು. ಮೆಣಸಿನಕಾಯಿ ಇರಲಿ, ಟೊಮ್ಯಾಟೊ ಇರಲಿ, ಕೆಲಸ ಇಷ್ಟೇ. ಆದರೆ ಒಂದು ಕೇಸರ ಒಳಗೆ ಉಳಿದರೂ ಆ ಕಾಯಿಯ ಬೀಜವೆಲ್ಲ ಹಾಳು.

ಇಪ್ಪತ್ತು ಹೆಂಗಸರು ಸಾಲಿಗೊಬ್ಬರಂತೆ ಬಗ್ಗಿ ಕೆಲಸ ಮಾಡುವಾಗ ಅವರ ಮಾತು ಮನೆಯ ಜಗಳದ ಕಡೆ ಹೋಯಿತೋ, ಮುಗೀತು. ಸೊಸೆಯ ಸಿಟ್ಟು ಮೊಗ್ಗಿನ ಮೇಲೆ ಇಳಿಯುತ್ತಿತ್ತು. ಸುಮ್ಮನಿರಿ ಎಂದರೆ ತೂಕಡಿಸುತ್ತಿದ್ದರು. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಕಥೆ ಹೇಳಲು ಶುರುಮಾಡಿದೆ. ಒಂದು ಸಾಲು ಮುಗಿಯುವವರೆಗೆ ಕಥೆ, ಸಾಲಿನ ತುದಿಗೆ ಬಂದಾಗ ಒಂದು ಹೆಣವೋ, ಒಂದು ಬಾಗಿಲು ಬಡಿದ ಸದ್ದೋ, ಅಲ್ಲಿ ಸ್ಟಾಪ್. ಮುಂದಿನ ಸಾಲು ಹಿಡಿದರೆ ಮಾತ್ರ ಮುಂದಿನ ಕಥೆ. ಆ ವರ್ಷ ನಮ್ಮ ಪ್ಲಾಟಿನಲ್ಲಿ ಆದಷ್ಟು ಚೊಕ್ಕ ಕೆಲಸ ಕಂಪನಿಯ ಬೇರೆ ಯಾವ ಪ್ಲಾಟಿನಲ್ಲೂ ಆಗಲಿಲ್ಲ. ಮ್ಯಾನೇಜರ್ ಬಂದು, ಏನಮ್ಮಾ ಇವರಿಗೆ ಏನು ತಿನ್ನಿಸುತ್ತೀ ಎಂದು ಕೇಳಿದ. ಖೂನಿ ಎನ್ನಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಇವತ್ತಿಗೂ ನನ್ನ ಅಧ್ಯಾಯದ ಉದ್ದ ಹಲಗೇರಿಯ ಹೊಲದ ಒಂದು ಸಾಲಿನ ಉದ್ದ. ವಿಮರ್ಶಕರೊಬ್ಬರು ನನ್ನ ಗಂಡು ಹೆಸರಿನ ಬಗ್ಗೆ ಬರೆಯುತ್ತ, ಈ ಲೇಖಕರ ಅಧ್ಯಾಯಗಳ ಅಳತೆಗೆ ವಿಶೇಷ ತಂತ್ರವಿದೆ ಎಂದಿದ್ದರು. ತಂತ್ರವಂತೆ! ಬಂದು ಹೊಲ ಅಳೆದಿದ್ದರೆ ಗೊತ್ತಾಗುತ್ತಿತ್ತು.

ಹೆಂಗಸರ ನಡುವೆ ಒಬ್ಬ ಹಿರಿಯಾಕೆ ಇದ್ದಳು. ಓದು ಬರಹ ಇಲ್ಲ, ಹೆಬ್ಬೆಟ್ಟು. ಆದರೆ ಖೂನಿಗಾರ ಯಾರೆಂದು ಎರಡನೇ ದಿನಕ್ಕೇ ಹೇಳಿಬಿಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಗುರುತು ಹಿಡಿದರೆ ನಾನು ಖೂನಿಗಾರನನ್ನೇ ಬದಲಾಯಿಸುತ್ತಿದ್ದೆ. ಕೆಲವು ಕಥೆಗಳಲ್ಲಿ ಮೂರು ಸಲ ಬದಲಾಯಿಸಿದ್ದೂ ಇದೆ. ಅವಳು ಚಿಮಟ ಹಿಡಿದ ಕೈ ಹಾಗೇ ನಿಲ್ಲಿಸಿ, "ಎಲಾ ಇಕಿನ, ಅಂವಾ ಅಂತ ಗೊತ್ತ ಆಗ್ಲಿಲ್ಲ ನೋಡ" ಅಂದ ದಿನ ಆ ಕಥೆ ಬರೆಯಲು ಯೋಗ್ಯವಾಯಿತು ಎಂದು ತಿಳಿಯುತ್ತಿದ್ದೆ.

ಬರೆಯುತ್ತಿದ್ದುದು ಪಂಪ್‌ಹೌಸಿನಲ್ಲಿ. ಬೆಳಗಿನ ಪರಾಗದ ಕೆಲಸ ಹನ್ನೊಂದಕ್ಕೆ ಮುಗಿದರೆ ಮೊಗ್ಗಿನ ಕೆಲಸ ಮೂರಕ್ಕೆ. ನಡುವಿನ ನಾಲ್ಕು ತಾಸು ಬೇರೆಯವರು ಬುತ್ತಿ ಉಂಡು ಅಡ್ಡಾಗುತ್ತಿದ್ದರು. ನಾನು ಮೋಟಾರಿನ ಪಕ್ಕ ಗೊಬ್ಬರದ ಚೀಲದ ಮೇಲೆ ಕೂತು, ಹಿಂದಿನ ಸಂಜೆ, ಬೆಳಿಗ್ಗೆ ಹೇಳಿದ್ದನ್ನೆಲ್ಲ ಕಾಗದಕ್ಕೆ ಇಳಿಸುತ್ತಿದ್ದೆ. ಕಥೆ ಮೊದಲೇ ಹೇಳಿಯಾಗಿದ್ದರಿಂದ ಕೈ ತಡೆಯುತ್ತಲೇ ಇರಲಿಲ್ಲ. ಒಂದು ಕಾದಂಬರಿಗೆ ಮೂರು ವಾರ.

ಮೊದಲ ಹಸ್ತಪ್ರತಿಯನ್ನು ಹಾವೇರಿಗೆ ಒಯ್ದವರು ನಮ್ಮ ಮನೆಯವರು, ಟಿಕೆಟ್ ಚೀಲದಲ್ಲಿ ಇಟ್ಟುಕೊಂಡು. ಅಲ್ಲಿ ತಿಂಗಳಿಗೊಂದು ಕಾದಂಬರಿ ತರುವ ಒಂದು ಪುಟ್ಟ ಪ್ರಕಾಶನ ಇತ್ತು. ಎಂಟು ದಿನ ಬಿಟ್ಟು ಮುಂದಿನ ಮಾತಿಗೆ ನನ್ನನ್ನೇ ಕರೆಸಿದರು. ಆಗಿನ ಮಾಲೀಕ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದವನು ನಂಬಲಿಲ್ಲ. ಬರೆದದ್ದು ನಿಮ್ಮ ಯಜಮಾನರಲ್ಲವೇ ಎಂದು ಎರಡು ಸಲ ಕೇಳಿದ. ನಮ್ಮ ಮನೆಯವರು ನಕ್ಕು, ನನಗೆ ರಜೆಯ ಅರ್ಜಿ ಬರೆದುಕೊಡುವವಳೂ ಇವಳೇ ಎಂದರು. ಕೊನೆಗೆ ಮಾಲೀಕ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ.

"ಹೆಣ್ಮಕ್ಳು ಖೂನಿ ಬರದಾರಂದ್ರ ಯಾರ್ ತಗೋತಾರಬೇ? ಒಂದು ಗಂಡು ಹೆಸರು ಇಡೂಣು."

ಆಗ ನನಗೆ ಪುಸ್ತಕ ಅಚ್ಚಾಗುತ್ತದೆ ಎಂಬುದೇ ದೊಡ್ಡದು. ಹೂಂ ಅಂದೆ. ಆ ಹೆಸರಿನ ಪುಸ್ತಕಗಳು ಹೇಗೆ ಓಡಿದವೆಂದರೆ, ಮುಂದಿನ ವರ್ಷ ಅವನೇ ಬಂದು ಸಂಸಾರದ್ದೊಂದು ಕೊಡು ಎಂದ. ಅದಕ್ಕೆ ಹೆಣ್ಣು ಹೆಸರು ಬೇಕೆಂದ. ನನ್ನದೇ ಇಡು ಎಂದರೆ, ಇಷ್ಟು ದಿನ ಮುಚ್ಚಿಟ್ಟಿದ್ದು ಬಯಲಾಗುತ್ತದೆ ಎಂದು ಬೇರೊಂದು ಹೆಸರು ತೆಗೆದ. ದೆವ್ವಕ್ಕೆ ಮೂರನೆಯದು. ಹೀಗೆ ಒಬ್ಬಳು ಮೂವರಾದೆ.

ನಾನು ಅತ್ತುಕೊಂಡು ಕೂತೆನೆಂದು ತಿಳಿಯಬೇಡಿ. ಅಬ್ಬಾ, ಆ ಮಜವೇ ಬೇರೆ! ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯ ಮುಂದೆ ಬೇಕಂತಲೇ ನಿಂತು, ಜನ ನನ್ನ ಪುಸ್ತಕ ಕೊಳ್ಳುವುದನ್ನು ನೋಡುತ್ತಿದ್ದೆ. ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ನನ್ನ ದೆವ್ವದ ಕಥೆ ಓದುತ್ತ ಹತ್ತಬೇಕಾದ ಗಾಡಿ ಬಿಟ್ಟುಕೊಂಡ, ಬೈದದ್ದು ರೈಲಿನವರನ್ನು. ಒಬ್ಬ ಓದುಗರು ಪ್ರಕಾಶನಕ್ಕೆ ಪತ್ರ ಬರೆದು, ನಿಮ್ಮ ಸಂಸಾರದ ಲೇಖಕಿಗೆ ಕಥೆ ಕಟ್ಟಲು ಬರುವುದಿಲ್ಲ, ನಿಮ್ಮ ಪತ್ತೇದಾರಿ ಲೇಖಕರ ಹತ್ತಿರ ಕಲಿಯಲು ಹೇಳಿ ಎಂದರು. ಆ ಪತ್ರ ಓದಿ ನಾನು ಬಿದ್ದು ಬಿದ್ದು ನಕ್ಕೆ, ಆಮೇಲೆ ನನ್ನ ಒಂದು ಹೆಸರಿನ ಮೇಲೆ ಇನ್ನೊಂದು ಹೆಸರಿಗೆ ಹೊಟ್ಟೆಕಿಚ್ಚಾಯಿತು.

ತಪ್ಪಾದದ್ದು ಫೋಟೊ ವಿಷಯದಲ್ಲಿ. ಓದುಗರು ಲೇಖಕರ ಫೋಟೊ ಬೇಕೆಂದು ಹಟ ಹಿಡಿದರು. ಪ್ರೆಸ್ಸಿನ ಪಕ್ಕದ ಮಳಿಗೆಯಲ್ಲಿ ಒಬ್ಬ ಟೇಲರ್ ಇದ್ದ. ಅವನ ಮೀಸೆ ನೋಡಬೇಕಿತ್ತು, ಇಡೀ ಹಾವೇರಿಗೆ ಅಂಥ ಮೀಸೆ ಇನ್ನೊಂದಿರಲಿಲ್ಲ. ಗಿರಾಕಿಯೊಬ್ಬರಿಗೆ ಹೊಲಿದ ಕರಿ ಕೋಟನ್ನು ಡೆಲಿವರಿಗೆ ಮೊದಲು ಅವನಿಗೇ ತೊಡಿಸಿ, ಮಾಲೀಕ ಫೋಟೊ ಹೊಡೆಸಿದ. ಅದು ನನ್ನ ಪತ್ತೇದಾರಿ ಪುಸ್ತಕಗಳ ಹಿಂಬದಿಗೆ ಬಂತು. ಮೊದಲು ನಮಗೆಲ್ಲ ತಮಾಷೆ. ಆಮೇಲೆ ಜನ ಅವನನ್ನು ರಸ್ತೆಯಲ್ಲಿ ಗುರುತು ಹಿಡಿದು ಕೈಮುಗಿದರು, ಹಸ್ತಾಕ್ಷರ ಕೇಳಿದರು, ಕಾಲೇಜಿನ ಕಥಾಸ್ಪರ್ಧೆಗೆ ತೀರ್ಪುಗಾರನಾಗಿ ಕರೆದರು. ಪಾಪ, ಅವನು ಪುಸ್ತಕಗಳನ್ನೆಲ್ಲ ಕೂತು ಓದಿದ, ಯಾರಾದರೂ ಕೇಳಿದರೆ ಹೇಳಬೇಕಲ್ಲ. ಕಠಿಣ ಪ್ರಶ್ನೆ ಬಂದರೆ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಬಂದು ನನ್ನ ಹತ್ತಿರ ಉತ್ತರ ಕೇಳಿಕೊಂಡು ಹೋಗುತ್ತಿದ್ದ. ಬರುವಾಗ ನನ್ನ ಮಕ್ಕಳಿಗೆ ಉಳಿದ ತುಂಡು ಬಟ್ಟೆಯಲ್ಲಿ ಚೀಲ ಹೊಲಿದು ತರುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ.

ಎರಡು ವರ್ಷದ ಕೆಳಗೆ ಹಳೆಯ ಮಾಲೀಕ ತೀರಿಕೊಂಡ. ಅವನ ಮಗ ಪ್ರಕಾಶನ ಹಿಡಿದ. ಓದಿದ ಹುಡುಗ, ಮಾತು ಬೆಣ್ಣೆಯಂತೆ. ಅವನು ನನ್ನ ಪತ್ತೇದಾರಿ ಕಾದಂಬರಿಗಳನ್ನೆಲ್ಲ ಗಟ್ಟಿ ಹೊದಿಕೆಯ ಸಂಪುಟಗಳಾಗಿ ತರುತ್ತೇನೆ ಎಂದು ಜಾಹೀರಾತು ಕೊಟ್ಟ. ಜೊತೆಗೆ, ಈವರೆಗೆ ಎಲ್ಲೂ ಅಚ್ಚಾಗದ ಒಂದು ಹೊಸ ಕಾದಂಬರಿ. ಅದು ನಾನು ಅವನ ಅಪ್ಪನಿಗೆ ಕೊನೆಯದಾಗಿ ಕೊಟ್ಟದ್ದು. ಪ್ರತಿ ಸಂಪುಟದಲ್ಲೂ ಟೇಲರ್‌ನ ಫೋಟೊ, ಮುನ್ನುಡಿಯಲ್ಲಿ ಅವನ ಬಾಲ್ಯ, ಅವನು ಬರೆಯುವ ಹೊತ್ತು, ಅವನಿಗೆ ಹೊಳೆದ ಕಥೆಗಳು. ಹಾವೇರಿಯಲ್ಲಿ ದೊಡ್ಡ ಸಮಾರಂಭ, ಲೇಖಕರಿಗೆ ಸನ್ಮಾನ.

ಅಲ್ಲಿಯವರೆಗೆ ನನಗೆ ಆಟವಾಗಿದ್ದದ್ದು ಅವತ್ತು ಆಟವಾಗಿ ಉಳಿಯಲಿಲ್ಲ. ಬಸ್‌ಸ್ಟ್ಯಾಂಡಿನ ತೆಳ್ಳನೆಯ ಪುಸ್ತಕ ಹರಿದುಹೋಗುತ್ತದೆ, ಅದರ ಹಿಂದಿನ ಫೋಟೊ ಯಾರೂ ನೆನಪಿಡುವುದಿಲ್ಲ. ಗಟ್ಟಿ ಸಂಪುಟ ಲೈಬ್ರರಿಯಲ್ಲಿ ಕೂರುತ್ತದೆ. ನಾನು ಸತ್ತ ಮೇಲೂ ಅಲ್ಲಿ ಅವನ ಮೀಸೆ ಇರುತ್ತದೆ. ಒಂದು ಸಲ ಆ ಪುಸ್ತಕ ಹೊರಗೆ ಬಂತೆಂದರೆ ನನ್ನ ಮೂವತ್ತು ವರ್ಷ ಖಾಯಂ ಆಗಿ ಅವನದು. ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟುಹೋಯಿತು.

ಹೋಗಿ ಹೊಸ ಮಾಲೀಕನನ್ನು ಕಂಡೆ. ಅವನು ಎದ್ದು ನಿಂತು, ಕುರ್ಚಿ ಕೊಟ್ಟು, ಚಹಾ ತರಿಸಿ, ಅಷ್ಟೇ ಮರ್ಯಾದೆಯಿಂದ ಪುರಾವೆ ಏನಿದೆ ಎಂದು ಕೇಳಿದ. ಪುರಾವೆ! ಹಸ್ತಪ್ರತಿಗಳನ್ನೆಲ್ಲ ಅವನಪ್ಪ ರದ್ದಿಗೆ ಹಾಕಿದ್ದ. ಅವು ಬ್ಯಾಡಗಿ ಪೇಟೆಗೆ ಹೋಗಿ, ಮೆಣಸಿನಕಾಯಿಯ ಸ್ಯಾಂಪಲ್ ಕಟ್ಟಿಕೊಡುವ ಪೊಟ್ಟಣಗಳಾಗಿದ್ದವು. ಕರಾರುಪತ್ರ ಎಂಬುದೇ ಇರಲಿಲ್ಲ, ಎಲ್ಲ ಬಾಯಿಮಾತು. ಹೊಸ ಕಾದಂಬರಿಯ ಪ್ರತಿ ಎಲ್ಲಿ ಎಂದರೆ, ಟೈಪ್ ಮಾಡಿದ್ದಿದೆ, ಕೈಬರಹದ್ದು ಅಪ್ಪನ ಕಾಲದಲ್ಲೇ ಎಲ್ಲಿ ಹೋಯಿತೋ ಎಂದ. ಆಮೇಲೆ ಬಹಳ ಮೃದುವಾಗಿ ಒಂದು ಮಾತು ಸೇರಿಸಿದ.

"ಆ ಹೆಸರು ನಮ್ಮ ಪ್ರಕಾಶನದ್ದ್ರೀ ಅಮ್ಮಾರ. ಜನ ಆ ಮುಖ ನೋಡ್ಯಾರ. ಈಗ ಬದಲ್ ಮಾಡಾಕ ಬರಂಗಿಲ್ಲ."

ಅಂದಿನ ಚಹಾ ನಾನು ಕುಡಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವನನ್ನು ಕೊಲ್ಲಲು ಐದು ವಿಧಾನ ಯೋಚಿಸಿದೆ. ಐದರಲ್ಲಿ ಎರಡು ಚೆನ್ನಾಗಿದ್ದವು, ಮುಂದೆ ಎಲ್ಲಾದರೂ ಬಳಸುತ್ತೇನೆ.

ಸಮಾರಂಭಕ್ಕೆ ವಾರವಿರುವಾಗ ಟೇಲರ್ ನಮ್ಮ ಮನೆಗೆ ಬಂದ. ಮೀಸೆ ಬೆಳ್ಳಗಾಗಿತ್ತು, ಆದರೂ ಜೋರೇ. ಕೈಯಲ್ಲಿ ಒಂದು ಪತ್ರ. ಬ್ಯಾಡಗಿಯ ದಲಾಲಿ ಅಂಗಡಿಯವರ ಮಗಳು, ಹಾವೇರಿಯಲ್ಲಿ ಎಂ.ಎ. ಓದುವ ಹುಡುಗಿ, ಲೇಖಕರಿಗೆಂದು ಬರೆದದ್ದು. ಸಭೆಯಲ್ಲಿ ಈ ಪ್ರಶ್ನೆ ಕೇಳುತ್ತೇನೆ, ಮೊದಲೇ ತಿಳಿಸಿದರೆ ನಿಮಗೆ ಅನುಕೂಲ ಎಂದು ಸಭ್ಯತೆಯಿಂದ ಬರೆದಿದ್ದಳು.

ಅವಳ ಪ್ರಶ್ನೆ ಇದು. ನಿಮ್ಮ ಕಾದಂಬರಿಗಳಲ್ಲಿ ಒಬ್ಬ ಹೆಂಡತಿಯೂ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ, ಏಕೆ? ಗಂಡ ಕಾಣೆಯಾಗಿದ್ದಾನೆಂದು ದೂರು ಕೊಡಲು ಬಂದವಳು ಇನ್‌ಸ್ಪೆಕ್ಟರ್ ಮುಂದೆ ರೇಷನ್ ಕಾರ್ಡು ಇಡುತ್ತಾಳೆ. ಕೋರ್ಟಿನ ಕಟಕಟೆಯಲ್ಲಿ ನಿಂತವಳು ಮಗನ ಕಡೆ ನೋಡುತ್ತಾಳೆ. ಸಿನಿಮಾ ನಟಿ ಕೂಡ "ನಮ್ಮವರು" ಅನ್ನುತ್ತಾಳೆ. ನಿಮ್ಮ ಪ್ರಕಾಶನದ ಇನ್ನಿಬ್ಬರು ಲೇಖಕರ ಸಂಸಾರದ ಮತ್ತು ದೆವ್ವದ ಕಾದಂಬರಿಗಳಲ್ಲೂ ಹೀಗೇ ಇದೆ. ಮೂವರಿಗೂ ಒಂದೇ ಅಭ್ಯಾಸ ಹೇಗೆ ಬಂತು?

ನಾನು ಕಪಾಟು ತೆಗೆದು ಪುಸ್ತಕಗಳನ್ನು ನೆಲದ ಮೇಲೆ ಹರವಿಕೊಂಡು ಕೂತೆ. ಒಂದಾದ ಮೇಲೊಂದು ನೋಡಿದೆ. ಹುಡುಗಿ ಹೇಳಿದ್ದು ಖರೆ. ಒಂದು ಕಡೆಯೂ ಇಲ್ಲ! ಗಂಡನ ಚಹಾಕ್ಕೆ ವಿಷ ಬೆರೆಸಲು ನಾಚದ ಹೆಂಗಸು ಅವನ ಹೆಸರು ಹೇಳಲು ನಾಚುತ್ತಿದ್ದಾಳೆ. ಬರೆಯುವಾಗ ಇದು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ನಾನೂ ಹೇಳಿದವಳಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಪಾಸ್‌ಬುಕ್ ತೋರಿಸುತ್ತೇನೆ. ನನ್ನ ಬಾಯಿಗೆ ಬಾರದ್ದು ನನ್ನ ಪಾತ್ರಗಳ ಬಾಯಿಗೆ ಎಲ್ಲಿಂದ ಬಂದೀತು? ಎಂಥ ಬೆಪ್ಪು ನಾನು ಎಂದು ನಾಚಿಕೆಯಾಯಿತು, ಮರುಕ್ಷಣ ಮೈ ಜುಂ ಎಂದಿತು. ಮೂರು ಹೆಸರಿನ ಹಿಂದೆ ಅಡಗಿದ್ದರೂ ಓದುವ ಹುಡುಗಿಯೊಬ್ಬಳು ನನ್ನನ್ನು ಹಿಡಿದುಬಿಟ್ಟಿದ್ದಳು.

ಟೇಲರ್ ಎಂದಿನಂತೆ ಉತ್ತರಕ್ಕೆ ಕಾದು ಕೂತಿದ್ದ.

"ಅಕ್ಕಾರ, ಇದಕ್ಕ ಏನ್ ಹೇಳ್ಲಿ?"

"ಉತ್ತರ ನನ್ನ ಕಡೆ ಐತಿ. ಆದ್ರ ಈ ಸಲ ಕೊಡಂಗಿಲ್ಲ."

ಅವನ ಮುಖ ಇಳಿದುಹೋಯಿತು. ಊರಲ್ಲಿ ತನಗೊಂದು ಮರ್ಯಾದೆ ಇದೆ, ಮೊಮ್ಮಗಳಿಗೆ ಗಂಡು ನೋಡುತ್ತಿದ್ದೇವೆ, ಈ ವಯಸ್ಸಿನಲ್ಲಿ ಜನ ನಕ್ಕರೆ ಏನು ಮಾಡಲಿ ಎಂದು ತಲೆ ತಗ್ಗಿಸಿದ. ಪಾಪ ಅನ್ನಿಸಿತು, ಆದರೂ ಸೋಲಲಿಲ್ಲ. ನನ್ನ ಮರ್ಯಾದೆಯನ್ನು ಮೂವತ್ತು ವರ್ಷ ನೀವೇ ತೊಟ್ಟುಕೊಂಡು ತಿರುಗಿದಿರಿ, ಈಗ ತೆಗೆದು ಕೊಡಿ ಎಂದುಬಿಟ್ಟೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ನಮ್ಮ ಮನೆಯವರು, ಮುದುಕನಿಗೆ ಅಷ್ಟು ಬಿರುಸಾಗಿ ಅನ್ನಬಾರದಿತ್ತು ಎಂದರು. ಅನ್ನಬಾರದಿತ್ತು, ನನಗೂ ಗೊತ್ತು. ಅಂದೆ.

ಹಲಗೇರಿಯ ಹೆಂಗಸರಿಗೆ ನಡೆದದ್ದನ್ನೆಲ್ಲ ಹೇಳಿದೆ. ನಾನು ಕಂಪನಿಯಿಂದ ನಿವೃತ್ತಳಾಗಿದ್ದರೂ ಸೀಜನ್ನಿನಲ್ಲಿ ಹೊಲಕ್ಕೆ ಹೋಗುವುದು ಬಿಟ್ಟಿಲ್ಲ. ಈಗ ಎಲ್ಲರ ಹತ್ತಿರ ಮೊಬೈಲು ಇದೆ, ಆದರೆ ಎರಡೂ ಕೈಯಲ್ಲಿ ಕೆಲಸವಿರುವಾಗ ಮೊಬೈಲು ನೋಡುವುದು ಹೇಗೆ? ಕಥೆಗೆ ನಾನೇ ಬೇಕು. ಹಿರಿಯಾಕೆ ಕೇಳಿ ಸೊಂಟದ ಮೇಲೆ ಕೈಯಿಟ್ಟಳು. ಮೂವತ್ತು ವರ್ಷ ಬಗ್ಗಿ ಬಗ್ಗಿ ಕೇಳಿದ ಕಥೆಗಳು, ಖೂನಿಗಾರರನ್ನು ಹಿಡಿದವರು ನಾವು, ಅದೆಲ್ಲ ಯಾವನೋ ಮೀಸೆಯವನದಾಗುವುದೆಂದರೇನು ಎಂದು ಎಲ್ಲರನ್ನೂ ಹೊರಡಿಸಿಬಿಟ್ಟಳು.

ಸಮಾರಂಭ ಭಾನುವಾರ ಬೆಳಿಗ್ಗೆ. ವೇದಿಕೆಯ ಮೇಲೆ ಹೊಸ ಮಾಲೀಕ, ಅತಿಥಿಗಳಾಗಿ ಬಂದ ಒಬ್ಬ ನಿವೃತ್ತ ಪ್ರಾಂಶುಪಾಲರು, ನಡುವೆ ಕರಿ ಕೋಟಿನ ಟೇಲರ್. ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಸಂಪುಟಗಳು. ಹಲಗೇರಿಯವರು ಒಂದು ಟೆಂಪೋ ತುಂಬ ಬಂದು ನಡುವಿನ ನಾಲ್ಕು ಸಾಲು ಹಿಡಿದರು, ಬುತ್ತಿಗಂಟಿನ ಸಮೇತ. ನಾನು ಅವರ ನಡುವೆ ಕೂತೆ, ನನ್ನ ಪಕ್ಕ ನಮ್ಮ ಮನೆಯವರು.

ಸಂಪುಟಗಳನ್ನು ಬಿಚ್ಚುವ ಮೊದಲು ಸಂವಾದ ಇಟ್ಟಿದ್ದರು. ಬ್ಯಾಡಗಿಯ ಹುಡುಗಿ ಎದ್ದಳು. ಸಣ್ಣ ಧ್ವನಿ, ಆದರೆ ಒಂದು ಅಕ್ಷರವೂ ನುಂಗಲಿಲ್ಲ. ಪತ್ರದಲ್ಲಿದ್ದ ಪ್ರಶ್ನೆಯನ್ನು ಪುಸ್ತಕ, ಪುಟ ಹೇಳಿ ಹೇಳಿ ಕೇಳಿದಳು. ಟೇಲರ್ ಮೈಕು ಕೈಗೆ ತೆಗೆದುಕೊಂಡು ಕೋಟಿನ ಗುಂಡಿ ತಿರುವತೊಡಗಿದ. ಅದು ನಮ್ಮ ಸಂಸ್ಕೃತಿ ಎಂದು ಮಾಲೀಕ ನಡುವೆ ಬಾಯಿ ಹಾಕಿದ. ಸಂಸ್ಕೃತಿ ಸರಿ ಸರ್, ಮೂವರು ಲೇಖಕರು ಒಂದೂ ಕಡೆ ತಪ್ಪದೆ ಅದನ್ನು ಪಾಲಿಸಿದ್ದು ಹೇಗೆ ಎಂದು ಹುಡುಗಿ ಬಿಡಲಿಲ್ಲ.

ನಾನು ಏಳಬೇಕು. ಅದಕ್ಕೇ ಬಂದದ್ದು. ಆದರೆ ನೂರು ಜನರನ್ನು ಕೊಂದವಳಿಗೆ ನಾಲ್ಕು ಜನರ ಮುಂದೆ ಎದ್ದು ನಿಲ್ಲಲು ಆಗಲಿಲ್ಲ. ಈಗ ಬಿಟ್ಟರೆ ಹೋಯಿತು, ಎಲ್ಲ ಹೋಯಿತು ಎಂದು ಗೊತ್ತಿದ್ದೂ ಕುರ್ಚಿಯ ಕೈ ಹಿಡಿದು ಕೂತೇ ಇದ್ದೆ. ಅಷ್ಟರಲ್ಲಿ ಮೈಕಿನಲ್ಲಿ ಟೇಲರ್‌ನ ದನಿ ಬಂತು.

"ಬಟ್ಟಿ ಹೊಲದಾಂವಗ ಹೊಲಿಗಿ ಯಾಕ ಹಂಗ ಹಾಕೇನಿ ಅಂತ ಗೊತ್ತಿರತೈತಿ. ಇವು ನಾ ಹೊಲದದ್ದಲ್ರಿ. ನಾ ಬರೇ ತೊಟ್ಟಗೊಂಡೇನಿ. ಹೊಲದಾರು ಅಲ್ಲಿ ಕುಂತಾರ ನೋಡ್ರಿ."

ಅವನು ನನ್ನ ಕಡೆ ಕೈ ಮಾಡಿದ. ಸಭೆಯೆಲ್ಲ ತಿರುಗಿ ನೋಡಿತು. ಹಿರಿಯಾಕೆ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ವೇದಿಕೆಯ ಮೆಟ್ಟಿಲಲ್ಲಿ ಟೇಲರ್ ನನ್ನ ಕೈ ಹಿಡಿದು ಮೇಲೆ ಹತ್ತಿಸಿಕೊಂಡ. ಯಾರೂ ಅವನನ್ನು ನೋಡಿ ನಗಲಿಲ್ಲ.

ಮಾಲೀಕ ಗಲಿಬಿಲಿಯಾದರೂ ಬಿಟ್ಟುಕೊಡಲಿಲ್ಲ. ಸಂಪುಟ ಬಿಡುಗಡೆ ಮುಗಿಯಲಿ, ಆಮೇಲೆ ಕೂತು ಮಾತಾಡೋಣ, ಪುರಾವೆ ಇಲ್ಲದೆ ಹೀಗೆ ಸಭೆಯಲ್ಲಿ ಮಾತಾಡಬಾರದು ಎಂದ. ಕೆಳಗಿನಿಂದ ಹಿರಿಯಾಕೆ ಎದ್ದು, ಆ ಬಣ್ಣದ ಕಾಗದದೊಳಗಿನ ಹೊಸ ಪುಸ್ತಕ ಇಲ್ಲಿ ಯಾರಾದರೂ ಓದಿದ್ದೀರಾ ಎಂದು ಕೇಳಿದಳು. ಅದು ಅಚ್ಚಾಗಿ ನಿನ್ನೆ ಬಂದದ್ದು, ಇನ್ನೂ ಯಾರೂ ನೋಡಿಲ್ಲ ಎಂದು ಮಾಲೀಕನೇ ಹೇಳಿದ. ಅವಳಿಗೆ ಅಷ್ಟೇ ಬೇಕಿತ್ತು.

"ನನಗ ಓದಾಕ ಬರಂಗಿಲ್ರಿ. ಆದ್ರ ಅದರಾಗ ಖೂನಿ ಮಾಡಿದಾಂವ ಪೋಸ್ಟಮನ್ ಅದಾನ. ಮೊದಲ ಡಾಕ್ಟರ್ ಇದ್ದ. ನಾ ಗುರತ ಹಿಡದ್ನಿ ಅಂತ ಈಕಿ ಬದ್ಲಿ ಮಾಡಿದ್ಲು. ತಗದ ನೋಡ್ರಿ."

ಅಯ್ಯೋ ಮಾರಾಯ್ತಿ! ಹೊಸ ಕಾದಂಬರಿಯ ಖೂನಿಗಾರನನ್ನು ತುಂಬಿದ ಸಭೆಯಲ್ಲಿ ಹೇಳಿಬಿಟ್ಟಳು. ನಾನು ಹಣೆ ಹಣೆ ಬಡಿದುಕೊಂಡೆ. ಪ್ರಾಂಶುಪಾಲರು ಬಣ್ಣದ ಕಾಗದ ಹರಿದು, ಕೊನೆಯ ಸಂಪುಟದ ಕೊನೆಯ ಪುಟಗಳನ್ನು ತಿರುವಿ, ಕನ್ನಡಕ ಸರಿಮಾಡಿಕೊಂಡು ಓದಿದರು. ಪೋಸ್ಟ್‌ಮನ್ನೇ. ಅವರಿಗೂ ಚಟ ಹತ್ತಿತು. ಬೇರೆ ಸಂಪುಟ ಎತ್ತಿ, ಎಲ್ಲೋ ಒಂದು ಅಧ್ಯಾಯದ ಮೊದಲ ನಾಲ್ಕು ಸಾಲು ಓದಿ ನಿಲ್ಲಿಸಿದರು. ಹಲಗೇರಿಯ ಹೆಂಗಸರು ಒಬ್ಬರ ಮಾತು ಇನ್ನೊಬ್ಬರು ಕಸಿದುಕೊಂಡು ಮುಂದಿನದೆಲ್ಲ ಹೇಳಿದರು, ಬಾಗಿಲು ತೆರೆದಾಗ ಒಳಗೆ ತೂಗುಕುರ್ಚಿ ಅಲ್ಲಾಡುತ್ತಿತ್ತು ಎಂಬಲ್ಲಿಗೆ ಬಂದು ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ಮುಂದೆ ಎಂದು ಪ್ರಾಂಶುಪಾಲರು ಕೇಳಿದರೆ, ಅಲ್ಲಿಗೆ ಸಾಲು ಮುಗಿಯಿತು ಎಂದರು. ಪುಸ್ತಕದಲ್ಲೂ ಅಧ್ಯಾಯ ಅಲ್ಲಿಗೇ ಮುಗಿದಿತ್ತು.

ಆಗ ನನಗೆ ಬಾಯಿ ಬಂತು. ಹುಡುಗಿಯ ಕಡೆ ತಿರುಗಿ ಅವಳ ಪ್ರಶ್ನೆಗೆ ಉತ್ತರ ಕೊಟ್ಟೆ. ನನ್ನ ಹೆಂಗಸರು ಹೆಸರು ಹೇಳದ್ದು ನಾನು ಹೇಳದವಳಾದ್ದರಿಂದ, ಮೂವರಲ್ಲೂ ಅದೇ ಅಭ್ಯಾಸ ಇದ್ದದ್ದು ಮೂವರೂ ನಾನೇ ಆದ್ದರಿಂದ ಎಂದೆ. ಅವಳು ನಿಂತಲ್ಲೇ ಕಣ್ಣೊರೆಸಿಕೊಂಡು ನಕ್ಕಳು. ಮಾಲೀಕ ಮೇಜಿನ ಮೇಲಿನ ಪುಸ್ತಕಗಳನ್ನೂ ಎದುರಿನ ಜನರನ್ನೂ ನೋಡಿದ. ಇವು ಹೀಗೆ ಹೊರಗೆ ಹೋಗುವುದಿಲ್ಲ, ಹೊದಿಕೆ, ಮುನ್ನುಡಿ ಎಲ್ಲ ಹೊಸದಾಗಿ ಬರುತ್ತದೆ ಎಂದು ಮೈಕಿನಲ್ಲೇ ಹೇಳಿದ. ಮಾತಿಗೆ ತಪ್ಪಲಿಲ್ಲ ಅನ್ನಬೇಕು. ಆರು ತಿಂಗಳಲ್ಲಿ ಮೂರೂ ಹೆಸರಿನ ಸಂಪುಟಗಳು ಒಬ್ಬಳದೇ ಆಗಿ ಬಂದವು. ಹಿಂಬದಿಯ ಫೋಟೊಕ್ಕೆ ನಾನು ತೊಟ್ಟ ಕುಪ್ಪಸ ಟೇಲರ್ ಹೊಲಿದದ್ದು, ತೋಳು ಸ್ವಲ್ಪ ಬಿಗಿ.

ಅವತ್ತು ಸಭೆಗೆ ನನ್ನ ಹೆಸರು ಇನ್ನೂ ಗೊತ್ತಿರಲಿಲ್ಲ. ಪ್ರಾಂಶುಪಾಲರು ಮೈಕು ನನ್ನ ಮುಂದೆ ಹಿಡಿದು, ತಮ್ಮ ಹೆಸರು ಎಂದರು. ನಡುವಿನ ಸಾಲುಗಳಿಂದ ಹೆಂಗಸರು, ಹಾಗೇ ಹೇಳಬಾರದು, ಒಡಪು ಹಾಕಿ ಹೇಳಬೇಕು ಎಂದು ಗದ್ದಲ ಎಬ್ಬಿಸಿದರು. ಮದುವೆಮನೆಯಲ್ಲಿ ಹೆಂಡತಿ ಗಂಡನ ಹೆಸರನ್ನು ಪ್ರಾಸ ಕಟ್ಟಿದ ಒಡಪಿನಲ್ಲಿ ಇಟ್ಟು ಹೇಳುತ್ತಾಳೆ, ವರ್ಷವೆಲ್ಲ ಮುಚ್ಚಿಟ್ಟ ಹೆಸರು ಹೊರಗೆ ಬರುವುದು ಆಗ ಮಾತ್ರ. ಕೊನೆಯಲ್ಲಿ ಬರುವುದು ಯಾವಾಗಲೂ ಗಂಡನ ಹೆಸರೇ. ನಮ್ಮ ಮನೆಯವರು ಆಗಲೇ ನಾಚಿ ತಲೆ ಕೆರೆದುಕೊಳ್ಳತೊಡಗಿದ್ದರು. ನಾನು ಸೆರಗು ಸರಿಮಾಡಿಕೊಂಡು ನಿಂತಲ್ಲೇ ಕಟ್ಟಿದೆ.

"ಬ್ಯಾಡಗಿ ಮೆಣಸಿನಕಾಯಿ ಬಣ್ಣದಾಗ ಜೋರು,
ಹಲಗೇರಿ ಹೊಲದಾಗ ಹೆಣದೇನಿ ಖೂನಿ ನೂರು,
ಇಷ್ಟೆಲ್ಲಾ ಬರದಾಕಿ ಯಾರಂತ ಕೇಳೀರಿ ಎಲ್ಲಾರು..."

ಮತ್ತು ಗಂಡನ ಹೆಸರು ಬರಬೇಕಾದ ಜಾಗದಲ್ಲಿ ನನ್ನ ಹೆಸರು ಇಟ್ಟೆ. ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಗಂಡನ ಹೆಸರು ಎಲ್ಲಿ ಹೋಯಿತಬೇ ಎಂದು ಹಿರಿಯಾಕೆ ಕೇಳಿದಳು. ಅವರು ಬರೆದಿಲ್ಲವಲ್ಲ ಎಂದೆ. ಮೊದಲು ಚಪ್ಪಾಳೆ ತಟ್ಟಿದವರು ನಮ್ಮ ಮನೆಯವರೇ, ಆಮೇಲೆ ಟೇಲರ್, ಆಮೇಲೆ ಇಡೀ ಸಭೆ. ಅಷ್ಟು ದೊಡ್ಡ ಸ್ಪೀಕರಿನಲ್ಲಿ ನನ್ನ ಹೆಸರನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಚೆನ್ನಾಗಿತ್ತು. ಚಪ್ಪಾಳೆ ನಿಂತ ಮೇಲೆ ಇನ್ನೊಮ್ಮೆ ಹೇಳಿದೆ.